ತೊಟ್ಟಿಲಿನ ತಪ್ಪೇನೂ ಇಲ್ಲ

ಇನ್ನೂ ಹೆಸರಿಲ್ಲದ ನನ್ನ ಬಾಲೆಗೆ,

ನೀನು ಹುಟ್ಟಲು ಇನ್ನು ಮೂರು ವಾರ ಎಂದು ಡಾಕ್ಟರು ಹೇಳಿದ್ದಾರಂತೆ. ಹೆಣ್ಣಾದರೂ ಗಂಡಾದರೂ ನಮ್ಮ ತುಳುವಿನಲ್ಲಿ ಮಗು ಎಂದರೆ ಬಾಲೆಯೇ. ಹುಟ್ಟಿದರೆ ನಾನು ನಿನಗೆ ಮಾಮಿ, ಅಪ್ಪನ ಅಕ್ಕ. ‘ಹುಟ್ಟಿದರೆ’ ಎಂದು ಬರೆದದ್ದಕ್ಕೆ ಯಾರೂ ಸಿಟ್ಟಾಗಬಾರದು. ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ಮೀಯಿಸಿದ ಕೈ ನನ್ನದು. ಆ ಶಬ್ದವನ್ನು ಬಿಟ್ಟು ಮಾತನಾಡುವ ಧೈರ್ಯ ನನಗಿಲ್ಲ.

ನಮ್ಮ ಮನೆಯ ಕ್ರಮದಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಮಾಮಿ. ಆ ಕೆಲಸಕ್ಕೆ ನಿನ್ನ ಅಮ್ಮ ತೃಪ್ತಿ ನನ್ನನ್ನು ಕರೆದಿದ್ದಾಳೆ. ಹೋಗಬೇಕೋ ಬೇಡವೋ ತಿಳಿಯದೆ ಈ ಕಾಗದ ಬರೆಯಲು ಕೂತಿದ್ದೇನೆ. ಅವಳೂ ನಿನ್ನ ಅಪ್ಪ ರೂಪೇಶನೂ ಬಲ್ಮಠಕ್ಕೆ ಹೋಗಿದ್ದಾರೆ. ನಿನ್ನ ಕಿಟಕಿಗೆ ಪರದೆ ಬೇಕಂತೆ, ಬೆಳಕು ಬರಬೇಕಂತೆ, ಆದರೆ ಬಿಸಿಲು ಬರಬಾರದಂತೆ. ಅಂಥ ಪರದೆ ಸಿಗುವ ತನಕ ಹುಡುಕುತ್ತಾರೆ, ಬರುವಾಗ ಹೇಗೂ ಸಂಜೆ ನಾಲ್ಕು ಗಂಟೆ ಆಗುತ್ತದೆ. ನಾಳೆ ಬೆಳಿಗ್ಗೆ ನಾನು ಈ ಮನೆ ಬಿಡುತ್ತೇನೆ.

ನೀನು ಮಲಗಲಿರುವ ಕೋಣೆ ನನ್ನದು. ಕಾವೂರಿನ ಈ ಫ್ಲ್ಯಾಟಿಗೆ ಬಂದಂದಿನಿಂದ ಹನ್ನೊಂದು ವರ್ಷ ಇಲ್ಲೇ ಮಲಗಿದವಳು ನಾನು. ಕಿಟಕಿಯಲ್ಲಿ ಕುತ್ತಿಗೆ ಚಾಚಿದರೆ ಕೆರೆಯ ಒಂದು ತುಂಡು ಕಾಣುತ್ತದೆ, ವಿಮಾನಗಳು ಬಜಪೆಯಲ್ಲಿ ಇಳಿಯುವ ಮೊದಲು ನಮ್ಮ ತಾರಸಿಯ ಮೇಲೆ ಒಮ್ಮೆ ಗುಡುಗಿ ಹೋಗುತ್ತವೆ. ನಿನ್ನ ಅಪ್ಪ ಸೌದಿಯ ದಮ್ಮಾಮಿನಲ್ಲಿ ಎಸಿ ರಿಪೇರಿ ಮಾಡಿ ಬಂದವನು, ಇಲ್ಲೂ ಅದೇ ಕೆಲಸದ ಅಂಗಡಿ ಇಟ್ಟಿದ್ದಾನೆ. ನನಗೆ ಹನ್ನೊಂದು ವರ್ಷ ಟೇಬಲ್ ಫ್ಯಾನ್ ಸಾಕಾಗಿತ್ತು. ನೀನು ಬರುತ್ತೀ ಎಂದ ಕೂಡಲೇ ಗೋಡೆಗೆ ಎಸಿ ಬಂತು. ನಾನಿನ್ನೂ ಒಳಗೆ ಮಲಗಿರುವಾಗಲೇ ಗೋಡೆಗೆ ಹಳದಿ ಬಣ್ಣವೂ ಬಂತು. ಬಣ್ಣದ ವಾಸನೆಗೆ ಎರಡು ದಿನ ತಲೆನೋವು. ನಿನಗೆ ಆಗಬಾರದು ಎಂದು ಒಂದು ತಿಂಗಳು ಮೊದಲೇ ಬಳಿದರಂತೆ. ನನಗೆ ಆದರೆ ಪರವಾಗಿಲ್ಲ.

‘ಅಕ್ಕ, ಎರಡು ಮೂರು ತಿಂಗಳಿಗೆ ಅಷ್ಟೆ. ಬಜಪೆಯಲ್ಲಿ ಗೆರ್ಟ್ರೂಡ್ ಬಾಯಿಯ ಹಿಂದಿನ ರೂಮು ಖಾಲಿ ಉಂಟಂತೆ. ಬಜಪೆ ಎಂತ ದೂರ ಅಲ್ಲ’ ಎಂದ ನಿನ್ನ ಅಪ್ಪ. ಹೇಳುವಾಗ ಎಸಿಯ ರಿಮೋಟನ್ನು ನೋಡುತ್ತಿದ್ದ. ನಮ್ಮ ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು ತಿಂಗಳು, ನನಗೆ ಹದಿಮೂರು ವರ್ಷ. ಅಪ್ಪ ಚನಿಯ ಬೆಳಿಗ್ಗೆ ಗದ್ದೆಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು. ಬೀಡಿ ಕಟ್ಟುತ್ತಾ ಕಾಲಿನ ಮೇಲೆ ಅವನನ್ನು ಮಲಗಿಸಿ ತೂಗಿದ್ದು ನಾನು. ಮೀಯಿಸಿದ್ದು, ಧೂಪ ಹಾಕಿದ್ದು, ಬಾಯಿಗೆ ಅನ್ನ ಇಟ್ಟದ್ದು ನಾನು. ಗೆರ್ಟ್ರೂಡ್ ಬಾಯಿಯ ಮೂರು ಮೊಮ್ಮಕ್ಕಳನ್ನೂ ನಾನೇ ಮೀಯಿಸಿದ್ದು. ಆ ಹೆಂಗಸಿಗೆ ಅದು ನೆನಪಿದೆ, ರೂಮು ಕೊಟ್ಟಳು.

ಇನ್ನು ನಿನ್ನ ಅಮ್ಮನ ಪಟ್ಟಿ. ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುವವಳಲ್ಲವೇ, ಯಾವ ಅನಾಹುತಕ್ಕೆ ಯಾವ ಫಾರ್ಮು ಎಂಬುದು ಅವಳಿಗೆ ಬಾಯಿಪಾಠ. ಫೋನಿನಲ್ಲಿ ಪಟ್ಟಿ ಮಾಡಿ ಒಂದೊಂದೇ ತರಿಸುತ್ತಾಳೆ. ಅಂಗೈಯಷ್ಟು ಉಗುರು ಕತ್ತರಿ. ಬಾಟಲಿ ಬೇಯಿಸುವ ಮೆಷಿನು. ಮೊಲದ ಕಿವಿ ಹೊಲಿದ ಹೊದಿಕೆ. ಮೀಯಿಸಲು ತಿಮಿಂಗಿಲದ ಆಕಾರದ ಒಂದು ನೀಲಿ ತೊಟ್ಟಿ, ಅದರ ನೀರಿನ ಬಿಸಿ ನೋಡಲು ಬಾತುಕೋಳಿಯ ಹಾಗೆ ತೇಲುವ ಒಂದು ಥರ್ಮಾಮೀಟರ್. ನಾನು ಮೊಣಕೈ ಅದ್ದಿ ನೋಡಿದ ನೀರಿನಲ್ಲಿ ಒಂದು ಮಗುವಿನ ಚರ್ಮವೂ ಕೆಂಪಾದದ್ದಿಲ್ಲ. ಕಾವೂರು, ದೇರೆಬೈಲಿನ ಬಾಲೆಗಳೆಲ್ಲ ನನ್ನ ಎರಡು ಕಾಲಿನ ನಡುವೆ ಮಲಗಿ ಮಿಂದವು. ಈಗ ನಿನ್ನನ್ನು ಮೀಯಿಸಲು ಒಂದು ತಿಮಿಂಗಿಲ ಬಂದಿದೆ.

ಎಲ್ಲಕ್ಕಿಂತ ಮೊದಲು ಬಂದದ್ದು ಗಾಳಿ ಶುದ್ಧ ಮಾಡುವ ಮೆಷಿನು. ಬಿಳಿ ಡಬ್ಬಿ, ಹೊಟ್ಟೆಯಲ್ಲಿ ಒಂದು ದೀಪ. ಗಾಳಿ ಸರಿ ಇದ್ದರೆ ನೀಲಿ, ಹೊಗೆ ಇದ್ದರೆ ಕೆಂಪು. ಒಂದು ದಿನ ನಾನು ಒಣಮೆಣಸು ಹುರಿಯುತ್ತಿದ್ದಾಗ ಅದು ಕೆಂಪಾಯಿತು. ನಿನ್ನ ಅಮ್ಮ ಎದ್ದು ಬಂದು ಅಡುಗೆ ಮನೆಯ ಬಾಗಿಲಲ್ಲಿ ನಿಂತಳು. ಮೆಷಿನನ್ನು ನೋಡಲಿಲ್ಲ, ಬಾಣಲೆಯನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ಮೆಣಸು ಸೀದು ಹೋಯಿತು.

ನಮ್ಮಲ್ಲಿ ಮಗು ಹುಟ್ಟುವ ಮೊದಲು ಅದಕ್ಕೆಂದು ಏನನ್ನೂ ತರುವ ಕ್ರಮವಿಲ್ಲ. ಹುಟ್ಟಿದ ಮೇಲೆ ಹಿರಿಯರ ಹಳೆಯ ಸೀರೆ ಹರಿದು, ಬಿಸಿನೀರಿನಲ್ಲಿ ಕುದಿಸಿ, ಒಣಗಿಸಿ ಸುತ್ತುತ್ತೇವೆ. ತೊಟ್ಟಿಲನ್ನು ಮಕ್ಕಳು ಚೆನ್ನಾಗಿ ಬೆಳೆದ ಯಾವುದಾದರೂ ಮನೆಯಿಂದ ಕೇಳಿ ತರುತ್ತೇವೆ. ಇದನ್ನು ನಾನು ಇನ್ನೂರು ಮನೆಗಳಲ್ಲಿ ಹೇಳಿದ್ದೇನೆ, ನಿನ್ನ ಅಮ್ಮನಿಗೂ ಹೇಳಿದ್ದೆ. ಅವಳು ಕೇಳಲಿಲ್ಲ. ಮೊದಲ ಸಲವೂ ಕೇಳಲಿಲ್ಲ, ಈ ಸಲವೂ ಇಲ್ಲ.

ಮೊದಲ ಸಲ ಎಂದೆ. ನಿನಗೆ ಇದನ್ನು ಯಾರೂ ಹೇಳಲಿಕ್ಕಿಲ್ಲ, ನಾನು ಹೇಳುತ್ತೇನೆ. ನಿನಗೆ ಒಬ್ಬಳು ಅಕ್ಕ ಇದ್ದಳು.

ಎರಡು ವರ್ಷದ ಹಿಂದೆ, ತಿಂಗಳು ತುಂಬುವ ಮೊದಲೇ ಹುಟ್ಟಿದಳು. ತೃಪ್ತಿಗೆ ತಾಯಿ ಇಲ್ಲ, ಹಾಗಾಗಿ ಬಾಣಂತನಕ್ಕೆ ತವರಿಗೆ ಹೋಗುವ ಪ್ರಶ್ನೆ ಇರಲಿಲ್ಲ, ಎಲ್ಲ ನನ್ನದೇ ಕೈ. ಮಗು ಹನ್ನೊಂದು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಹೆಸರಿಟ್ಟಿರಲಿಲ್ಲ, ಕೈಯ ಪಟ್ಟಿಯಲ್ಲಿ ‘ಬೇಬಿ ಆಫ್ ತೃಪ್ತಿ’ ಎಂದು ಬರೆದಿತ್ತು. ಸ್ವಲ್ಪ ತೂಕ ಬರಲಿ, ನಲ್ವತ್ತನೆಯ ದಿನ ತೊಟ್ಟಿಲಿಗೆ ಹಾಕುವ, ಆಗ ಹೆಸರು ಹೇಳಿದರಾಯಿತು ಎಂದುಕೊಂಡಿದ್ದೆವು. ತೊಟ್ಟಿಲು ಮಾತ್ರ ಮೊದಲೇ ಬಂದು ಕೂತಿತ್ತು, ಬಿಳಿ ಬಣ್ಣದ್ದು, ನಾಲ್ಕು ಗಾಲಿಯದ್ದು, ನಿನ್ನ ಅಮ್ಮ ತರಿಸಿದ್ದು.

ಮನೆಗೆ ಕಳಿಸುವ ದಿನ ಡಾಕ್ಟರು ಕರೆದು ಹೇಳಿದರು. ‘ಎರಡೂವರೆ ಕಿಲೋ ಆಗುವ ತನಕ ಸ್ನಾನ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೊಗೆಯಂತೂ ಬೇಡವೇ ಬೇಡ. ಊದುಬತ್ತಿ ಸಹ ಹಚ್ಚಬೇಡಿ. ಇವಳ ಶ್ವಾಸಕೋಶ ಇನ್ನೂ ಬಲಿತಿಲ್ಲ.’ ಇದನ್ನು ಅವರು ನನ್ನ ಮುಖ ನೋಡಿಯೇ ಹೇಳಿದರು. ನಾನು ತಲೆ ಆಡಿಸಿದೆ. ಮೀಸೆ ಸರಿಯಾಗಿ ಮೂಡದವನು ನನಗೆ ಮಗುವಿನ ವಿಷಯ ಹೇಳುತ್ತಾನೆ ಎಂದು ಮನಸ್ಸಿನಲ್ಲಿ ನಗೆ ಬಂತು.

ಮೂರು ದಿನ ಒರೆಸಿದೆ. ಮಗುವಿನ ಚರ್ಮ ಒಣಗಿ ಹೊಟ್ಟಿನ ಹಾಗೆ ಏಳುತ್ತಿತ್ತು. ಎದುರಿನ ಫ್ಲ್ಯಾಟಿನವಳು ನೋಡಲು ಬಂದು, ‘ನಳಿನಕ್ಕ, ನೀವಿದ್ದೂ ಮಗು ಹೀಗುಂಟಾ?’ ಎಂದಳು. ಅಷ್ಟೇ ಹೇಳಿದ್ದು. ಚಹಾ ಕುಡಿದು ಹೋದಳು. ಆ ರಾತ್ರಿಯೇ ಎದ್ದು ಸಾಂಬ್ರಾಣಿ ಉಳಿದಿದೆಯೋ ಎಂದು ಡಬ್ಬಿ ತೆರೆದು ನೋಡಿದೆ.

ಮರುದಿನ ಮಧ್ಯಾಹ್ನ ನಿನ್ನ ಅಪ್ಪ ಅಂಗಡಿಯಲ್ಲಿದ್ದ. ನಿನ್ನ ಅಮ್ಮ ಉಂಡು ಸತ್ತವಳ ಹಾಗೆ ನಿದ್ದೆ ಹೋಗಿದ್ದಳು. ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು ಮಗುವನ್ನು ಕಾಲಿನ ಮೇಲೆ ಮಲಗಿಸಿ ತೆಂಗಿನೆಣ್ಣೆ ತಿಕ್ಕಿದೆ. ಹದವಾದ ನೀರು ಎರೆದೆ. ಆಮೇಲೆ ಮಣ್ಣಿನ ಚಟ್ಟಿಯಲ್ಲಿ ತೆಂಗಿನ ಗೆರಟೆಯ ಕೆಂಡ ಇಟ್ಟು, ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಧೂಪ ಕೊಟ್ಟೆ. ಹಸಿರು ಅಂಚಿನ ನನ್ನ ಹಳೆಯ ಸೀರೆಯ ತುಂಡನ್ನು ಅವಳಿಗೆ ಸುತ್ತಿ, ಹೊಗೆಯ ಮೇಲೆ ಬೋರಲಾಗಿ ಹಿಡಿದೆ, ಎದೆಗೆ ಒಮ್ಮೆ, ಬೆನ್ನಿಗೆ ಒಮ್ಮೆ, ಕೂದಲಿಗೆ ಒಮ್ಮೆ. ಅವಳು ಎರಡು ಸಲ ಕೆಮ್ಮಿದಳು. ಬೆಕ್ಕಿನ ಮರಿ ಕೆಮ್ಮಿದಷ್ಟು ಸಣ್ಣಗೆ. ನಾನು ಅವಳ ಕಿವಿಗೆ ಬಾಯಿ ಇಟ್ಟು, ‘ಆಯ್ತು ಆಯ್ತು, ಈಗ ಮುಗಿಯಿತು’ ಎಂದೆ.

ಅವಳ ಕಿವಿಯಲ್ಲಿ ನಾನು ಹೇಳಿದ್ದು ಅದೊಂದೇ ಮಾತು.

ಅಂದು ಸಂಜೆ ಅವಳು ಎಷ್ಟು ಚೆಂದ ಮಲಗಿದಳೆಂದರೆ ನಾನು ಎರಡು ಸಲ ಹೋಗಿ ನೋಡಿದೆ. ಚರ್ಮ ಹೊಳೆಯುತ್ತಿತ್ತು. ಎದುರಿನ ಫ್ಲ್ಯಾಟಿನವಳನ್ನು ಕರೆದು ತೋರಿಸಬೇಕು ಎನಿಸಿತು. ಮರುದಿನ ಮಧ್ಯಾಹ್ನ ಹಾಲು ಕುಡಿಯಲಿಲ್ಲ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಂಡಿ ಬೀಳುತ್ತಿತ್ತು. ಆಸ್ಪತ್ರೆಗೆ ಒಯ್ದೆವು, ಮೂರನೆಯ ದಿನ ಬೆಳಿಗ್ಗೆ ಹೋದಳು.

ಡಾಕ್ಟರು ಹೊರಗೆ ಬಂದು ಶ್ವಾಸಕೋಶಕ್ಕೆ ಸೋಂಕಾಗಿತ್ತು ಎಂದರು. ಇಷ್ಟು ಚಿಕ್ಕ ಮಕ್ಕಳಿಗೆ ಕಾರಣ ಇಲ್ಲದೆಯೂ ಹೀಗಾಗುತ್ತದೆ ಎಂದರು. ಆಮೇಲೆ, ‘ಮನೆಯಲ್ಲಿ ಹೊಗೆ ಏನಾದರೂ ಇತ್ತಾ?’ ಎಂದು ಕೇಳಿದರು. ನಿನ್ನ ಅಪ್ಪ, ‘ಇಲ್ಲ ಡಾಕ್ಟ್ರೇ, ದೇವರಿಗೆ ಊದುಬತ್ತಿ ಸಹ ಹಚ್ಚಲಿಲ್ಲ’ ಎಂದ. ನಾನು ಕಿಟಕಿಯಲ್ಲಿ ಹೊರಗೆ ನೋಡುತ್ತಿದ್ದೆ. ನಿನ್ನ ಅಮ್ಮ ಬೆಂಚಿನ ಮೇಲೆ ಕೂತು ಆ ಹಸಿರು ಅಂಚಿನ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ.

ಮನೆಗೆ ಬಂದವಳೇ ಚಟ್ಟಿಯನ್ನು ಲಾಫ್ಟಿನಲ್ಲಿ ಟ್ರಂಕಿನ ಹಿಂದೆ ಅಡಗಿಸಿದೆ. ಒಡೆದು ಬಿಸಾಡಬಹುದಿತ್ತು. ನಿನ್ನ ಅಪ್ಪನಿಗೆ ಧೂಪ ಹಾಕಿದ ಚಟ್ಟಿ ಅದು, ಒಡೆಯಲು ಮನಸ್ಸಾಗಲಿಲ್ಲ. ಮಗು ಹೋಗಿತ್ತು, ಚಟ್ಟಿ ಒಡೆಯಲು ಮನಸ್ಸಾಗಲಿಲ್ಲ. ನಾನು ಎಂಥವಳು ಎಂದು ನಿನಗೆ ಗೊತ್ತಾಗಲು ಇಷ್ಟೇ ಸಾಕಿತ್ತು, ಆದರೆ ಇನ್ನೂ ಇದೆ.

ಮಾತನಾಡಿಸಲು ಬಂದವರೆಲ್ಲ ‘ಹೇಗಾಯ್ತು’ ಎಂದು ಕೇಳುತ್ತಿದ್ದರು. ನಾನು ಬಾಗಿಲಲ್ಲೇ ನಿಂತು ಉತ್ತರ ಕೊಟ್ಟೆ. ‘ಹೆರುವ ಮೊದಲೇ ತೊಟ್ಟಿಲು ತಂದಿಟ್ಟಳು. ಬೇಡ ಮಾರಾಯ್ತಿ ಅಂತ ನಾನು ಎಷ್ಟು ಹೇಳಿದೆ. ಖಾಲಿ ತೊಟ್ಟಿಲು ಮನೆಯಲ್ಲಿ ಇಟ್ಟರೆ ಮತ್ತೆಂತ ಆಗ್ತದೆ?’ ಒಳಗಿದ್ದ ನಿನ್ನ ಅಮ್ಮನಿಗೆ ಕೇಳಿಸಬೇಕು ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಒಂದು ಸಲ ಹೇಳಿದ ಮೇಲೆ ಎರಡನೆಯ ಸಲ ಸುಲಭವಾಯಿತು. ಹತ್ತನೆಯ ಸಲ ಹೇಳುವಾಗ ನನಗೇ ಅದು ನಿಜ ಎನಿಸಿತು. ಮಾತು ನೆಂಟರಿಷ್ಟರಲ್ಲಿ ಹರಡಿತು, ಅವಳ ಆಫೀಸಿಗೂ ಮುಟ್ಟಿತು. ನಮ್ಮವರೊಬ್ಬರ ಮನೆಯ ಬಯಕೆಯ ದಿನ ಬಸುರಿಗೆ ಹೂ ಮುಡಿಸುವಾಗ ಹೆಂಗಸರೆಲ್ಲ ಸಾಲಾಗಿ ಹೋದರು, ನಿನ್ನ ಅಮ್ಮನ ಹತ್ತಿರ ಬರುವಾಗ ಹೂವಿನ ತಟ್ಟೆ ಆಚೆ ದಾಟಿ ಹೋಯಿತು. ಅವಳು ಚಾಚಿದ ಕೈಯನ್ನು ಮೆಲ್ಲ ಹಿಂದೆ ತೆಗೆದು ಸೆರಗು ಸರಿ ಮಾಡಿಕೊಂಡಳು. ನಾನು ಅಲ್ಲೇ ಇದ್ದೆ. ಆ ದಿನ ಪಾಯಸವನ್ನು ಎರಡು ಸಲ ಹಾಕಿಸಿಕೊಂಡೆ.

ಎರಡು ವರ್ಷ ಅವಳು ನನಗೆ ಒಂದು ಮಾತು ಎದುರಾಡಲಿಲ್ಲ. ನನಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟಳು. ಆಫೀಸಿಗೆ ಹೋಗುವಾಗ ‘ಬರ್ತೇನೆ ಅಕ್ಕ’ ಎಂದು ಹೇಳಿಯೇ ಹೋಗುತ್ತಿದ್ದಳು. ತಪ್ಪು ಅವಳಿಗೆ ಅರ್ಥವಾಗಿದೆ, ತಗ್ಗಿ ನಡೆಯುತ್ತಿದ್ದಾಳೆ ಎಂದು ನಾನು ತಿಳಿದೆ. ಇನ್ನೊಬ್ಬರನ್ನು ಅಷ್ಟು ಕೀಳಾಗಿ ತಿಳಿಯಲು ನನಗೆ ಕಷ್ಟವೇ ಆಗಲಿಲ್ಲ.

ಈಗ ನೀನು ಹೊಟ್ಟೆಯಲ್ಲಿ ಬಂದೆ. ಈ ಸಲವಾದರೂ ಬುದ್ಧಿ ಬಂದಿರಬಹುದು ಎಂದರೆ, ಐದನೆಯ ತಿಂಗಳಿಗೇ ಪಟ್ಟಿ ಶುರು. ಕಳೆದ ವಾರ ನಿನ್ನ ಅಪ್ಪನ ಕೈಯಲ್ಲಿ ಲಾಫ್ಟಿನಿಂದ ಆ ಬಿಳಿ ತೊಟ್ಟಿಲನ್ನೇ ಇಳಿಸಿದಳು. ನಾನು ಹೌಹಾರಿ, ‘ಅದೇ ತೊಟ್ಟಿಲಾ?’ ಎಂದೆ. ಅವಳು ಸ್ಕ್ರೂ ಬಿಗಿಯುತ್ತಾ ತಲೆ ಎತ್ತದೆ ಹೇಳಿದಳು. ‘ಅದೇ ಅಕ್ಕ. ತೊಟ್ಟಿಲು ಎಂತ ತಪ್ಪು ಮಾಡಿದೆ?’

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಒಂದು ಸ್ಕ್ರೂ ಬಿಗಿದು ಇನ್ನೊಂದನ್ನು ಕೈಗೆ ತೆಗೆದುಕೊಂಡಳು. ನಾನು ಆಗಲೇ ತಿಳಿದುಕೊಳ್ಳಬೇಕಿತ್ತು. ಹಟಮಾರಿ ಎಂದು ಮನಸ್ಸಿನಲ್ಲೇ ಬೈದೆ.

ನಿನ್ನೆ ನನ್ನ ಸಾಮಾನು ಕಟ್ಟಿದವಳು ಅವಳೇ. ಅಷ್ಟು ದೊಡ್ಡ ಹೊಟ್ಟೆ ಇಟ್ಟುಕೊಂಡು, ‘ನೀವು ಕೂತ್ಕೊಳ್ಳಿ ಅಕ್ಕ, ನಾನು ಮಾಡ್ತೇನೆ’ ಎಂದು ನನ್ನ ಸೀರೆಗಳನ್ನು ಮಡಚಿ ರಟ್ಟಿನ ಪೆಟ್ಟಿಗೆಗೆ ತುಂಬಿದಳು. ಮಾತ್ರೆಗಳನ್ನು ಬೇರೆ ಚೀಲದಲ್ಲಿ ಹಾಕಿ ಮೇಲೆ ಬರೆದಳು. ಪೆಟ್ಟಿಗೆಗೆ ಟೇಪು ಅಂಟಿಸಿ ಆದ ಮೇಲೆ ನನ್ನ ಹತ್ತಿರ ಕೂತು ಹೇಳಿದಳು. ‘ಹೆಸರು ಹೇಳ್ಲಿಕ್ಕೆ ನೀವೇ ಬರ್ಬೇಕು. ಬೇರೆ ಯಾರು ಹೇಳಿದರೂ ನನಗೆ ಸಮಾಧಾನ ಆಗುದಿಲ್ಲ.’ ನನ್ನ ಕಣ್ಣು ತುಂಬಿತು. ಮನೆಯಿಂದ ಹೊರಗೆ ಹಾಕಿದರೂ ಮರ್ಯಾದೆ ಉಳಿಸಿದಳಲ್ಲ ಎಂದುಕೊಂಡೆ.

ಇವತ್ತು ಊಟವಾದ ಮೇಲೆ ಪೇಪರ್ ಓದಲು ಕನ್ನಡಕ ಬೇಕಿತ್ತು. ಪೆಟ್ಟಿಗೆಯ ಟೇಪು ಕಿತ್ತೆ. ಎಲ್ಲಕ್ಕಿಂತ ಮೇಲೆ, ಕನ್ನಡಕದ ಪಕ್ಕ, ಹಸಿರು ಅಂಚಿನ ಬಟ್ಟೆಯ ಒಂದು ಗಂಟು. ಬಿಚ್ಚಿದರೆ ನಾನು ಲಾಫ್ಟಿನಲ್ಲಿ ಅಡಗಿಸಿದ ಚಟ್ಟಿ. ಚಟ್ಟಿಯನ್ನು ತೊಳೆದು ಒರೆಸಿದ್ದಾಳೆ, ಕರಿ ಎಲ್ಲ ಹೋಗಿದೆ. ಬಟ್ಟೆಯನ್ನು ಮಾತ್ರ ತೊಳೆದಿಲ್ಲ. ಮೂಗಿಗೆ ಹಿಡಿದೆ. ಎರಡು ವರ್ಷ ಎಲ್ಲಿ ಕಟ್ಟಿ ಇಟ್ಟಿದ್ದಳೋ, ಸಾಂಬ್ರಾಣಿಯ ವಾಸನೆ ಇನ್ನೂ ಹೋಗಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಅಳುತ್ತಿರಲಿಲ್ಲ ಬಾಲೆ. ಮೂಸಿ ನೋಡುತ್ತಿದ್ದಳು.

ಅಂದರೆ ಡಾಕ್ಟರು ಪ್ರಶ್ನೆ ಕೇಳುವಾಗಲೇ ಅವಳಿಗೆ ಉತ್ತರ ಗೊತ್ತಿತ್ತು. ನಾನು ಬಾಗಿಲಲ್ಲಿ ನಿಂತು ತೊಟ್ಟಿಲನ್ನು ದೂರಿದಾಗ ಗೊತ್ತಿತ್ತು. ಹೂವಿನ ತಟ್ಟೆ ದಾಟಿ ಹೋದಾಗ, ನಾನು ಪಾಯಸಕ್ಕೆ ಬಟ್ಟಲು ಚಾಚಿದಾಗ, ಗಂಜಿ ತಂದು ಕೊಟ್ಟಾಗ ಗೊತ್ತಿತ್ತು. ನಿನ್ನ ಅಪ್ಪನಿಗೆ ಇಂದಿಗೂ ಗೊತ್ತಿಲ್ಲ. ಗೊತ್ತಿದ್ದರೆ ಅವನು ನನ್ನ ಹತ್ತಿರ ಮಾತೇ ಆಡುತ್ತಿರಲಿಲ್ಲ. ರಿಮೋಟ್ ನೋಡಿಯಾದರೂ ಅವನು ನನ್ನನ್ನು ಅಕ್ಕ ಎನ್ನುತ್ತಾನೆ.

ಯಾಕೆ ಹೇಳಲಿಲ್ಲ? ಒಂದು ಹತ್ತು ನಿಮಿಷ ಅದನ್ನು ಅವಳ ದೊಡ್ಡ ಮನಸ್ಸು ಎಂದುಕೊಂಡೆ. ಕೂತು ಅತ್ತದ್ದೂ ಆಯಿತು. ಆಮೇಲೆ ನಿನ್ನೆಯ ಮಾತು ನೆನಪಾಯಿತು, ನೀವೇ ಬರಬೇಕು ಎಂದದ್ದು. ನೆಂಟರೆಲ್ಲ ಸೇರಿದ ದಿನ, ಆ ಬಿಳಿ ತೊಟ್ಟಿಲಿನ ಹತ್ತಿರ, ಇದೇ ಬಾಯಿಯನ್ನು ನಾನು ನಿನ್ನ ಕಿವಿಗೆ ಇಡಬೇಕು. ಅವಳು ಎದುರು ನಿಂತು ನೋಡುತ್ತಾಳೆ. ಮುಂದೆ ನಿನ್ನ ಪ್ರತಿ ಹುಟ್ಟುಹಬ್ಬಕ್ಕೂ ಕರೆಯುತ್ತಾಳೆ, ಮೊದಲ ತುಂಡು ಕೇಕನ್ನು ನನ್ನ ಕೈಗೆ ಕೊಡುತ್ತಾಳೆ, ಒಂದು ಮಾತೂ ಆಡುವುದಿಲ್ಲ. ನಾನು ಸಾಯುವ ತನಕ ಅವಳ ಮುಂದೆ ತಲೆ ತಗ್ಗಿಸಿ ಕೇಕು ತಿನ್ನಬೇಕು. ಬೈದು ಹೊರಗೆ ಹಾಕಿದ್ದರೆ ನನಗೆ ಊರೆಲ್ಲ ಹೇಳಿಕೊಂಡು ತಿರುಗಲು ಒಂದು ಕತೆಯಾದರೂ ಇರುತ್ತಿತ್ತು. ಅದನ್ನೂ ಕೊಡಲಿಲ್ಲ.

ಅವಳನ್ನು ಕೆಟ್ಟವಳು ಎಂದು ತಿಳಿಯಬೇಡ. ಅವಳ ಜಾಗದಲ್ಲಿ ನಾನಿದ್ದರೆ ಎರಡು ವರ್ಷ ಕಾಯುತ್ತಿರಲಿಲ್ಲ, ಗಂಜಿಯಲ್ಲಿ ಏನಾದರೂ ಬೆರೆಸುತ್ತಿದ್ದೆ. ಅವಳು ನಿನ್ನನ್ನು ಚೆನ್ನಾಗಿ ಕಾಯುತ್ತಾಳೆ. ಈ ಮನೆಯಲ್ಲಿ ನಿನಗೆಂದು ಮಾಡಿದ ತಯಾರಿಯಲ್ಲಿ ಎಸಿ, ತಿಮಿಂಗಿಲ, ಬಾತುಕೋಳಿ ಎಲ್ಲ ತೋರಿಕೆಯವು. ನಿಜವಾದ ತಯಾರಿ ನನ್ನನ್ನು ಇಲ್ಲಿಂದ ಎಬ್ಬಿಸಿದ್ದು.

ಈಗ ಮೂರೂ ಕಾಲು ಗಂಟೆ. ಕಾಗದ ಇಷ್ಟು ಉದ್ದವಾಗುತ್ತದೆ ಎಂದು ತಿಳಿದಿರಲಿಲ್ಲ. ಏಳನೆಯ ತನಕ ಕಲಿತವಳು, ಬೀಡಿ ಕಟ್ಟುವಾಗ ಎಲ್ಲರಿಗೂ ಪೇಪರ್ ಓದಿ ಹೇಳುತ್ತಿದ್ದೆ, ಆ ಅಭ್ಯಾಸಕ್ಕೆ ಅಕ್ಷರ ಇನ್ನೂ ಕೈಯಲ್ಲಿದೆ. ನಿನಗೆ ಓದಲು ಬರುವುದಿಲ್ಲ ಎಂದು ಗೊತ್ತಿದ್ದೇ ನಿನಗೆ ಬರೆದೆ. ಆದರೆ ಬರೆದದ್ದನ್ನು ಎಲ್ಲಾದರೂ ಇಡಬೇಕಲ್ಲ.

ಎರಡು ಜಾಗ ಇದೆ. ತೊಟ್ಟಿಲಿನಲ್ಲಿ ಇಟ್ಟರೆ ನಿನ್ನ ಅಮ್ಮನಿಗೆ ಸಿಗುತ್ತದೆ. ಓದಿ ಹರಿದು ಹಾಕುತ್ತಾಳೆ. ಸಂಜೆ ಎಂದಿನಂತೆ ಚಹಾ ಕೊಡುತ್ತಾಳೆ, ತೊಟ್ಟಿಲಿಗೆ ಹಾಕುವ ದಿನ ಆಟೋ ಕಳಿಸುತ್ತಾಳೆ, ನಾನು ಬರುತ್ತೇನೆ. ಊಟದ ಮೇಜಿನಲ್ಲಿ ನಿನ್ನ ಅಪ್ಪ ಕೂರುವ ಜಾಗದಲ್ಲಿ ಇಟ್ಟರೆ ಯಾರೂ ಆಟೋ ಕಳಿಸುವುದಿಲ್ಲ. ನಾನು ಎತ್ತಿ ಬೆಳೆಸಿದ ಒಬ್ಬನೇ ತಮ್ಮ ಇನ್ನು ನನಗಿಲ್ಲ. ಎರಡು ವರ್ಷ ತನ್ನಿಂದ ಮುಚ್ಚಿಟ್ಟದ್ದಕ್ಕೆ ಅವನು ಹೆಂಡತಿಯನ್ನೂ ಕೇಳುತ್ತಾನೆ. ನೀನು ಬರುವ ಮೂರು ವಾರ ಮೊದಲು ಈ ಹಳದಿ ಗೋಡೆಗಳ ನಡುವೆ ಆ ಮಾತು ಬರುತ್ತದೆ. ಅದೂ ನನಗೆ ಗೊತ್ತು.

ಮೇಜಿನ ಮೇಲೆಯೇ ಇಡುತ್ತೇನೆ. ಚಟ್ಟಿಯೊಳಗೆ ಕಾಗದ, ಮೇಲೆ ಆ ಬಟ್ಟೆ. ಇದನ್ನು ಒಳ್ಳೆಯತನ ಎಂದು ನೀನು ದೊಡ್ಡವಳಾಗಿಯೋ ದೊಡ್ಡವನಾಗಿಯೋ ತಿಳಿಯಬೇಡ. ಅವಳ ಕೈಯಲ್ಲಿರುವ ಹಗ್ಗವನ್ನು ಕತ್ತರಿಸಲು ನನಗೆ ಸಿಕ್ಕ ಕತ್ತಿ ಇದೊಂದೇ, ಅದರ ಅಲಗು ಯಾರಿಗೆ ತಾಗಿದರೂ ತಾಗಲಿ ಎನ್ನುವವಳು ನಾನು. ಆದರೂ ಇದರಲ್ಲಿ ಒಂದು ಸರಿಯಾದ ಕೆಲಸ ಇದೆ. ಹೂವಿನ ತಟ್ಟೆ ಇನ್ನು ನಿನ್ನ ಅಮ್ಮನ ಕೈ ದಾಟಿ ಹೋಗುವುದಿಲ್ಲ. ತೊಟ್ಟಿಲಿನ ತಪ್ಪು ಏನೂ ಇರಲಿಲ್ಲ ಎಂದು ಬರೆದು ಸಹಿ ಹಾಕುತ್ತಿದ್ದೇನೆ. ಯಾರಿಗೆ ಬೇಕಾದರೂ ತೋರಿಸಲಿ.

ನಿನ್ನ ಹೆಸರು ಏನೆಂದು ನನಗೆ ಗೊತ್ತಾಗುವುದಿಲ್ಲ. ಯಾರು ಹೇಳುತ್ತಾರೋ ಅವರು ಕಿವಿಗೆ ತೀರಾ ಹತ್ತಿರ ಹೋಗದೆ ಮೆಲ್ಲ ಹೇಳಲಿ. ಬಜಪೆಯಲ್ಲಿ ನನ್ನ ರೂಮಿನ ಮೇಲೆಯೂ ವಿಮಾನಗಳು ಇಳಿಯುತ್ತವಂತೆ. ನಿನ್ನ ತಾರಸಿಯ ಮೇಲೆ ಗುಡುಗಿದ್ದೇ ಒಂದೆರಡು ನಿಮಿಷ ಬಿಟ್ಟು ನನ್ನದರ ಮೇಲೂ ಗುಡುಗುತ್ತದೆ. ಆಗ ನೀನು ಎಚ್ಚರಾಗಿ ಅತ್ತಿರುತ್ತೀ ಎಂದು ತಿಳಿದುಕೊಳ್ಳುತ್ತೇನೆ.

ಗಟ್ಟಿಯಾಗಿ ಅಳು ಬಾಲೆ. ಎದೆ ತುಂಬ ಉಸಿರು ಎಳೆದು ಅಳು. ನಿನ್ನ ಕೋಣೆಯ ದೀಪ ಯಾವಾಗಲೂ ನೀಲಿಯಾಗಿಯೇ ಇರಲಿ.

ನಿನ್ನನ್ನು ಮುಟ್ಟಬಾರದ
ಮಾಮಿ,
ನಳಿನಾಕ್ಷಿ